ಹೊಂದದ ನಾಲ್ಕು ಚೀಲಗಳು: ಮಲೆನಾಡಿನ ಒಂದು ರಕ್ತನಿಧಿ ಪ್ರಕರಣ

ಪ್ರಯೋಗಾಲಯ ತಂತ್ರಜ್ಞಾನ ಓದುತ್ತಿರುವ ವಿದ್ಯಾರ್ಥಿಗಳಿಗಾಗಿ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ರೋಗಿ, ಅವರ ಕುಟುಂಬ, ಆಸ್ಪತ್ರೆ ಮತ್ತು ರಕ್ತನಿಧಿಗಳ ಗುರುತು ಸಿಗದಂತೆ ವಯಸ್ಸು, ಊರು ಮೊದಲಾದ ವಿವರಗಳನ್ನು ಅಲ್ಪಸ್ವಲ್ಪ ಬದಲಿಸಲಾಗಿದೆ. ಪರೀಕ್ಷೆಗಳ ಫಲಿತಾಂಶ ಮತ್ತು ನಿರ್ಧಾರಗಳು ನಡೆದ ಕ್ರಮ ಮಾತ್ರ ಇದ್ದ ಹಾಗೆಯೇ ಇವೆ, ಏಕೆಂದರೆ ಕಲಿಯಬೇಕಾದದ್ದು ಇರುವುದು ಅಲ್ಲಿಯೇ.

ಹಿನ್ನೆಲೆ

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ಗರ್ಭಕೋಶದ ಗೆಡ್ಡೆಯಿಂದಾಗಿ ಹಲವು ತಿಂಗಳಿಂದ ಅತಿ ರಕ್ತಸ್ರಾವ ಅನುಭವಿಸುತ್ತಿದ್ದರು. ತೋಟದ ಕೆಲಸ, ಮಳೆಗಾಲದ ನಾಟಿ, ಮನೆಯ ಜವಾಬ್ದಾರಿ ಎಂದು ಮುಂದೂಡುತ್ತ ಬಂದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವ ಸ್ಥಿತಿ ತಲುಪಿದ ಮೇಲೆ ಆಷಾಢದ ಒಂದು ಸಂಜೆ ಅವರನ್ನು ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆತರಲಾಯಿತು. ಹಿಮೋಗ್ಲೋಬಿನ್ 5.2 ಗ್ರಾಂ ಇತ್ತು. ಮರುದಿನ ಅಥವಾ ಅದರ ಮರುದಿನ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡುವುದೆಂದು ತೀರ್ಮಾನಿಸಿ, ಮೂರು ಚೀಲ ಪ್ಯಾಕ್ಡ್ ಸೆಲ್‌ಗೆ (ಪ್ಲಾಸ್ಮಾ ಬೇರ್ಪಡಿಸಿದ ಕೆಂಪು ಕಣಗಳಿಗೆ) ಬೇಡಿಕೆ ಪತ್ರ ಕಳುಹಿಸಿದರು. ಬೇಡಿಕೆ ಪತ್ರದ ಜೊತೆ ಹಳೆಯ ತಾಯಿ ಕಾರ್ಡಿನ ಪ್ರತಿಯೊಂದಿತ್ತು. ಅದರಲ್ಲಿ ರಕ್ತದ ಗುಂಪು ‘ಓ ಪಾಸಿಟಿವ್’ ಎಂದು ಬರೆದಿತ್ತು. ಹಿಂದೆ ಎಂದೂ ರಕ್ತ ಪಡೆದಿರಲಿಲ್ಲ, ಎರಡು ಹೆರಿಗೆಗಳಾಗಿದ್ದವು.

ರಕ್ತನಿಧಿಯಲ್ಲಿ ಆ ರಾತ್ರಿ ಪಾಳಿಯಲ್ಲಿದ್ದವರು ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಯುವ ತಂತ್ರಜ್ಞೆ. ಅವರ ಕೆಲಸ ಶಿಸ್ತಿನದು ಎಂಬುದನ್ನು ಮೊದಲೇ ಹೇಳಬೇಕು. ಮಾದರಿ ಕೊಳವೆಯ ಮೇಲಿನ ಹೆಸರು ಮತ್ತು ಸಂಖ್ಯೆಯನ್ನು ಬೇಡಿಕೆ ಪತ್ರದೊಂದಿಗೆ ತಾಳೆ ನೋಡಿ, ಕೆಂಪು ಕಣಗಳನ್ನು ತೊಳೆದು, ಟ್ಯೂಬ್ ವಿಧಾನದಲ್ಲಿ ಗ್ರೂಪಿಂಗ್ ಮಾಡಿದರು. ಫಾರ್ವರ್ಡ್ ಗ್ರೂಪಿಂಗ್‌ನಲ್ಲಿ, ಅಂದರೆ ರೋಗಿಯ ಕಣಗಳಿಗೆ ಗೊತ್ತಿರುವ ಪ್ರತಿಕಾಯದ ರಸ ಹಾಕಿ ನೋಡುವಾಗ, ನೀಲಿ ಬಣ್ಣದ ಆಂಟಿ-ಎ ಮತ್ತು ಹಳದಿ ಬಣ್ಣದ ಆಂಟಿ-ಬಿ ಎರಡರಲ್ಲೂ ಕಣಗಳು ಗುಂಪುಗೂಡಲಿಲ್ಲ. ಆಂಟಿ-ಡಿಯಲ್ಲಿ 4+, ಅಂದರೆ ಅತಿ ಬಲವಾದ ಗುಂಪುಗೂಡುವಿಕೆ, ಬಂತು. ರೋಗಿಯ ಪ್ಲಾಸ್ಮಾಗೆ ಗೊತ್ತಿರುವ ಕಣ ಬೆರೆಸಿ ನೋಡುವ ರಿವರ್ಸ್ ಗ್ರೂಪಿಂಗ್‌ನಲ್ಲಿ ಎ ಕಣ 4+, ಬಿ ಕಣ 4+. ಎಲ್ಲವೂ ಓ ಪಾಸಿಟಿವ್‌ಗೆ ಸರಿಹೊಂದುತ್ತಿತ್ತು. ಮೂರನೆಯ ಕೊಳವೆ, ಅಂದರೆ ಓ ಕಣದ ಕೊಳವೆ, ಆ ದಿನ ಇಟ್ಟಿರಲಿಲ್ಲ. ಬೆಳಿಗ್ಗೆ ತಯಾರಿಸಿದ್ದ ಓ ಕಣಗಳ ದ್ರಾವಣ ಸಂಜೆಗೆ ಮುಗಿದಿತ್ತು, ಮತ್ತು ಅದಿಲ್ಲದಿದ್ದರೂ ಗುಂಪು ತಿಳಿಯುತ್ತದೆ ಎಂಬ ರೂಢಿ ಅಲ್ಲಿ ಬೇರೂರಿತ್ತು. ಅದು ಒಬ್ಬರ ತಪ್ಪಲ್ಲ. ಹಲವು ವರ್ಷಗಳಿಂದ ಎಲ್ಲರೂ ನಡೆಸಿಕೊಂಡು ಬಂದ ಸಡಿಲ, ಹಿರಿಯನಾಗಿ ಅದನ್ನು ಗಮನಿಸದೆ ಬಿಟ್ಟವರಲ್ಲಿ ನಾನೂ ಒಬ್ಬ.

ಸಮಸ್ಯೆ

ಮೊದಲ ಚೀಲದ ಕ್ರಾಸ್‌ಮ್ಯಾಚ್, ಅಂದರೆ ದಾನಿಯ ಕಣಗಳನ್ನು ರೋಗಿಯ ಪ್ಲಾಸ್ಮಾದೊಂದಿಗೆ ಬೆರೆಸಿ ನೋಡುವ ಪರೀಕ್ಷೆ, ಹೊಂದಲಿಲ್ಲ. ಒಂದು ಚೀಲ ಹೊಂದದಿರುವುದು ಅಪರೂಪವೇನಲ್ಲ, ಹಾಗಾಗಿ ಇನ್ನೊಂದನ್ನು ತೆಗೆದರು. ಅದೂ ಹೊಂದಲಿಲ್ಲ. ಮೂರನೆಯದು, ನಾಲ್ಕನೆಯದು ಕೂಡ ಅಷ್ಟೆ. ಎಲ್ಲವೂ ಓ ಪಾಸಿಟಿವ್, ಎಲ್ಲವೂ 4+, ಮತ್ತು ಎಲ್ಲವೂ ಕೋಣೆಯ ಉಷ್ಣತೆಯಲ್ಲಿ, ಕಣ ಮತ್ತು ಪ್ಲಾಸ್ಮಾ ಬೆರೆಸಿ ಸೆಂಟ್ರಿಫ್ಯೂಜ್‌ನಿಂದ ತೆಗೆದ ತಕ್ಷಣವೇ, ಕಣಕ್ಕೆ ಅಂಟಿದ ಪ್ರತಿಕಾಯವನ್ನು ತೋರಿಸುವ ಕೂಂಬ್ಸ್ ಹಂತಕ್ಕೆ ಹೋಗುವ ಮೊದಲೇ.

ಈ ಕೊನೆಯ ಮಾತನ್ನು ವಿದ್ಯಾರ್ಥಿಗಳು ಎರಡು ಬಾರಿ ಓದಬೇಕು. ಹೆರಿಗೆ ಅಥವಾ ಹಿಂದಿನ ರಕ್ತ ಪೂರಣದಿಂದ ಹುಟ್ಟುವ ಪ್ರತಿಕಾಯಗಳು ಸಾಮಾನ್ಯವಾಗಿ ಐಜಿಜಿ ವರ್ಗದವು. ಅವು ಬಹುಪಾಲು 37 ಡಿಗ್ರಿಯಲ್ಲಿ ಇಟ್ಟು, ತೊಳೆದು, ಕೂಂಬ್ಸ್ ರಸ ಹಾಕಿದ ಮೇಲೆ ಕಾಣಿಸಿಕೊಳ್ಳುತ್ತವೆ. ಬೆರೆಸಿದ ತಕ್ಷಣ ಕಣಗಳು ಒಂದೇ ಗಡ್ಡೆಯಾಗಿ ತಳದಲ್ಲಿ ಕೂರುತ್ತವೆ ಎಂದರೆ ನಾವು ಯೋಚಿಸಬೇಕಾದದ್ದು ಐಜಿಎಂ ವರ್ಗದ ಪ್ರಬಲ ಪ್ರತಿಕಾಯದ ಬಗ್ಗೆ, ಮೊಟ್ಟಮೊದಲಿಗೆ ಎಬಿಓ ವ್ಯವಸ್ಥೆಯ ಬಗ್ಗೆ. ಆದರೆ ಚೀಲಗಳೆಲ್ಲ ಓ, ರೋಗಿಯೂ ಓ ಎಂದು ಬರೆದಾಗಿದೆ. ಒಮ್ಮೆ ಗುಂಪಿನ ಹೆಸರು ಬರೆದ ಮೇಲೆ ಮನಸ್ಸು ಅದನ್ನು ಬಿಟ್ಟು ಉಳಿದೆಲ್ಲವನ್ನೂ ಸಂಶಯಿಸುತ್ತದೆ. ಮಾದರಿ ಅದಲುಬದಲಾಗಿದೆಯೇ ಎಂಬ ಪ್ರಶ್ನೆ ತಂತ್ರಜ್ಞೆಗೆ ಮೊದಲು ಬಂತು, ಅದು ಬರಬೇಕಾದದ್ದೇ. ಅವರು ಆಸ್ಪತ್ರೆಗೆ ಫೋನ್ ಮಾಡಿ, ರೋಗಿಯ ಹಾಸಿಗೆಯ ಬಳಿಯೇ ಹೆಸರು ಕೇಳಿ, ಅಲ್ಲಿಯೇ ಚೀಟಿ ಅಂಟಿಸಿ ಹೊಸ ಮಾದರಿ ಕಳುಹಿಸಲು ಹೇಳಿದರು. ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಒಂದು ಕೊಳವೆ ಮತ್ತು ಒಂದು ಸಾದಾ ಕೊಳವೆ ಎರಡನ್ನೂ ಕೇಳಿದರು. ಆ ಸಾದಾ ಕೊಳವೆ ನಮಗೆ ಬಹಳ ನೆರವಾಯಿತು.

ಹೊಸ ಮಾದರಿಯಲ್ಲಿಯೂ ಗುಂಪು ಅದೇ, ಕ್ರಾಸ್‌ಮ್ಯಾಚ್ ಫಲಿತಾಂಶವೂ ಅದೇ. ವ್ಯತ್ಯಾಸವಿದ್ದದ್ದು ಒಂದೇ ಕಡೆ: ಸಾದಾ ಕೊಳವೆಯ ಸೀರಂ ಬಳಸಿ 37 ಡಿಗ್ರಿಯಲ್ಲಿ ಇಟ್ಟ ಕ್ರಾಸ್‌ಮ್ಯಾಚ್ ಕೊಳವೆಗಳ ಮೇಲಿನ ದ್ರವ ಕೆಂಪಾಗಿತ್ತು, ದಾನಿಯ ಕಣಗಳು ಒಡೆದಿದ್ದವು. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಕಣಗಳನ್ನು ಒಡೆಯುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಕೆಲಸ ಮಾಡುವುದಿಲ್ಲ. ಆದ್ದರಿಂದ ಮೊದಲ ಮಾದರಿಯ ಪ್ಲಾಸ್ಮಾದಲ್ಲಿ ಗುಂಪುಗೂಡುವಿಕೆ ಮಾತ್ರ ಕಂಡಿತ್ತು. ತಾಜಾ ಸೀರಂನಲ್ಲಿ ಕಾಂಪ್ಲಿಮೆಂಟ್ ಜೀವಂತವಾಗಿತ್ತು. ಕಣಗಳು ಒಡೆಯುವುದು ಕೂಡ ‘ಪಾಸಿಟಿವ್’ ಫಲಿತಾಂಶವೇ, ಮತ್ತು ಗುಂಪುಗೂಡುವಿಕೆಗಿಂತ ಹೆಚ್ಚು ಅಪಾಯದ ಸೂಚನೆ. ಆ ಚೀಲ ಹಾಕಿದ್ದರೆ ಕೊಳವೆಯಲ್ಲಿ ನಡೆದದ್ದೇ ರೋಗಿಯ ರಕ್ತನಾಳದಲ್ಲಿ ನಡೆಯುತ್ತಿತ್ತು.

ರಾತ್ರಿ ಒಂಬತ್ತೂವರೆಗೆ ನನಗೆ ಫೋನ್ ಬಂತು.

“ಸರ್, ಓ ಪಾಸಿಟಿವ್ ನಾಲ್ಕೂ ಚೀಲ ಹೊಂದುತ್ತಾ ಇಲ್ಲ. ಹೊಸ ಸ್ಯಾಂಪಲ್‌ನಲ್ಲೂ ಹಾಗೇ ಇದೆ.”

“ಆಟೋ ಕಂಟ್ರೋಲ್ ಹೇಗಿದೆಯಮ್ಮಾ?”

“ನೆಗೆಟಿವ್ ಸರ್. ಡಿಎಟಿ ಕೂಡ ನೆಗೆಟಿವ್.”

ಈ ಎರಡು ಪರೀಕ್ಷೆಗಳ ಪ್ರಕಾರ ರೋಗಿಯ ಸೀರಂ ರೋಗಿಯದೇ ಕಣಗಳನ್ನು ಮುಟ್ಟುತ್ತಿಲ್ಲ ಎಂದಾದರೆ ಇದು ಸ್ವಪ್ರತಿಕಾಯವಲ್ಲ. ಎಲ್ಲರ ಕಣಗಳಲ್ಲೂ ಇರುವ, ಈ ಒಬ್ಬರಲ್ಲಿ ಮಾತ್ರ ಇಲ್ಲದ ಏನೋ ಒಂದಿದೆ. ಓ ಕಣ ಹಾಕಿ ನೋಡಿದ್ದೀರಾ ಎಂದು ಕೇಳಿದೆ. ಆ ಕಡೆ ಒಂದು ಕ್ಷಣ ಮೌನ. ಕ್ರಾಸ್‌ಮ್ಯಾಚ್‌ಗೆ ಬಳಸಿದ ನಾಲ್ಕು ಚೀಲಗಳ ಕಣಗಳೇ ಓ ಕಣಗಳು, ಅವೇ ಉತ್ತರ ಹೇಳುತ್ತಿದ್ದವು. ನಾವಿಬ್ಬರೂ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದೆವು, ಅಷ್ಟೆ.

ಹುಡುಕಾಟ

ನಾನು ರಕ್ತನಿಧಿ ತಲುಪುವ ಹೊತ್ತಿಗೆ ಮೂರು ಬೇರೆ ಬೇರೆ ದಾನಿಗಳ ಓ ಕಣಗಳನ್ನು ತೊಳೆದು ಸೇರಿಸಿ ಪರೀಕ್ಷೆ ಮುಗಿದಿತ್ತು: ಎ ಕಣ 4+, ಬಿ ಕಣ 4+, ಓ ಕಣ 4+. ಉಳಿದದ್ದು ಆಂಟಿ-ಎಚ್ ಲೆಕ್ಟಿನ್. ಯೂಲೆಕ್ಸ್ ಯೂರೋಪಿಯಸ್ ಎಂಬ ಗಿಡದ ಬೀಜದಿಂದ ತೆಗೆಯುವ ಈ ರಸ ಕೆಂಪು ಕಣದ ಮೇಲಿನ ಎಚ್ ಪ್ರತಿಜನಕವನ್ನು ಗುರುತಿಸುತ್ತದೆ. ಅದರ ಪುಟ್ಟ ಸೀಸೆ ಫ್ರಿಜ್‌ನಲ್ಲಿತ್ತು, ಅವಧಿ ಮೀರಿರಲಿಲ್ಲ. ನಿಯಂತ್ರಣಕ್ಕಾಗಿ ಗೊತ್ತಿರುವ ಓ ಕಣ ಹಾಕಿದೆವು, 4+ ಬಂತು. ರೋಗಿಯ ಕಣ ಹಾಕಿದೆವು. ಸೂಕ್ಷ್ಮದರ್ಶಕದಲ್ಲಿಯೂ ಕಣಗಳು ಬಿಡಿಬಿಡಿಯಾಗಿಯೇ ಇದ್ದವು.

1952ರಲ್ಲಿ ಬಾಂಬೆಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮೊದಲು ವರದಿ ಮಾಡಿದ, ಆ ಊರಿನ ಹೆಸರನ್ನೇ ಹೊತ್ತ ಗುಂಪು ನಮ್ಮ ಮುಂದಿತ್ತು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ಎಚ್ ಎಂದರೇನು ಎಂದು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಅಡಿಕೆ ತೋಟವನ್ನು ನೆನಪಿಸುತ್ತೇನೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಎಚ್ ಎಂಬುದು ಮರ; ಎ ಮತ್ತು ಬಿ ಅದಕ್ಕೆ ಹಬ್ಬುವ ಬಳ್ಳಿಗಳು. 19ನೆಯ ವರ್ಣತಂತುವಿನ ಮೇಲಿರುವ ಎಫ್‌ಯುಟಿ1 ಜೀನಿನ ಕಿಣ್ವವು ಪೂರ್ವ ಸರಪಳಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಜೋಡಿಸಿದಾಗ ಎಚ್ ಆಗುತ್ತದೆ. ಅದರ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಸೇರಿದರೆ ಎ, ಗ್ಯಾಲಕ್ಟೋಸ್ ಸೇರಿದರೆ ಬಿ. ಬಳ್ಳಿಯಿಲ್ಲದ ಬರೀ ಮರ ಓ ಗುಂಪು. ಬಾಂಬೆ ಗುಂಪಿನಲ್ಲಿ ಮರವೇ ಇಲ್ಲ. ಮೆಣಸಿನ ಕುಡಿ ಮನೆಯಲ್ಲಿದ್ದರೂ, ಅಂದರೆ ಎ ಅಥವಾ ಬಿ ಜೀನ್ ಇದ್ದರೂ, ಹಬ್ಬಲು ಆಸರೆಯಿಲ್ಲದ್ದರಿಂದ ಫಾರ್ವರ್ಡ್ ಗ್ರೂಪಿಂಗ್ ನೋಡುವವರ ಕಣ್ಣಿಗೆ ಅದೂ ‘ಓ’ ಎಂದೇ ಕಾಣುತ್ತದೆ. ಈ ವ್ಯಕ್ತಿಗಳ ಸೀರಂನಲ್ಲಿ ಆಂಟಿ-ಎ, ಆಂಟಿ-ಬಿಗಳ ಜೊತೆಗೆ ಸಹಜವಾಗಿಯೇ ಆಂಟಿ-ಎಚ್ ಇರುತ್ತದೆ. ಅದು 37 ಡಿಗ್ರಿಯಲ್ಲಿಯೂ ಚುರುಕಾಗಿದ್ದು ಕಣಗಳನ್ನು ಒಡೆಯಬಲ್ಲದು. ಎಚ್ ಅತಿ ಹೆಚ್ಚಾಗಿ ಇರುವುದು ಓ ಕಣಗಳ ಮೇಲೆ. ಹೀಗಾಗಿ ಎಲ್ಲರಿಗೂ ಆಗುತ್ತದೆಂದು ನಾವು ನಂಬಿದ ಓ ರಕ್ತವೇ ಇವರಿಗೆ ಅತ್ಯಂತ ಅಪಾಯಕಾರಿ.

ಕೊಡದಿರುವ ನಿರ್ಧಾರ

ರಾತ್ರಿ ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ವೈದ್ಯರು ತಾವೇ ಫೋನ್ ಮಾಡಿದರು. ಅವರ ಆತಂಕ ಸಹಜವಾದದ್ದು. “ಹಿಮೋಗ್ಲೋಬಿನ್ ಐದಿದೆ, ರಕ್ತ ಇನ್ನೂ ಹೋಗುತ್ತಿದೆ. ಪಾಸಿಟಿವ್ ಹೊಂದದಿದ್ದರೆ ಓ ನೆಗೆಟಿವ್ ಕೊಡಿ, ಅದು ಯಾರಿಗಾದರೂ ನಡೆಯುತ್ತದಲ್ಲ” ಎಂದರು. ಇರುವುದರಲ್ಲಿ ಕಡಿಮೆ ಹೊಂದದ ಚೀಲವನ್ನು ನಿಧಾನವಾಗಿ ಹಾಕುತ್ತೇವೆ ಎಂದೂ ಹೇಳಿದರು. ಸ್ವಪ್ರತಿಕಾಯದ ರಕ್ತಹೀನತೆಯಲ್ಲಿ ಜೀವ ಉಳಿಸಲು ಹಾಗೆ ಮಾಡುವುದುಂಟು, ಅವರು ಆ ಅನುಭವದಿಂದಲೇ ಮಾತಾಡಿದ್ದರು.

ನಮ್ಮ ವೈದ್ಯಾಧಿಕಾರಿ ಫೋನ್ ತೆಗೆದುಕೊಂಡು, ಓ ನೆಗೆಟಿವ್ ಎಂದರೆ ಡಿ ಇಲ್ಲ ಎಂದಷ್ಟೇ ಅರ್ಥ, ಎಚ್ ಅದರಲ್ಲಿಯೂ ತುಂಬಿಕೊಂಡಿರುತ್ತದೆ ಎಂದು ವಿವರಿಸಿದರು. ಕೊಳವೆಯಲ್ಲಿ ಕೆಂಪಾದ ಸೀರಂ ಬಗ್ಗೆ ಹೇಳಿದ ಮೇಲೆ ಆ ಕಡೆಯ ಸ್ವರ ಬದಲಾಯಿತು. ಒಂದು ಚೀಲ ಹಾಕಿದರೆ ಕಣಗಳು ರಕ್ತನಾಳದೊಳಗೇ ಒಡೆದು, ಮೂತ್ರಪಿಂಡ ಕೆಟ್ಟು, ಇದ್ದ ರಕ್ತವೂ ಹೋಗುವ ಸಾಧ್ಯತೆ ಇತ್ತು. ಯಾವ ಚೀಲವನ್ನೂ ಬಿಡುಗಡೆ ಮಾಡುವುದಿಲ್ಲ ಎಂದು ಬರವಣಿಗೆಯಲ್ಲಿ ತಿಳಿಸಿದರು. ರಕ್ತನಿಧಿಯ ಕೆಲಸವೆಂದರೆ ರಕ್ತ ಕೊಡುವುದು ಎಂದೇ ನಾವು ಕಲಿಯುತ್ತೇವೆ. ಕೊಡದೆ ನಿಲ್ಲುವ ಆ ಗಂಟೆಗಳ ಭಾರ ಎಂಥದ್ದು ಎಂದು ಅಲ್ಲಿದ್ದವರಿಗೇ ಗೊತ್ತು.

ಮತ್ತೊಂದು ಕಡೆಯಿಂದ ಆಸ್ಪತ್ರೆಯವರು ಮಾಡಿದ ಕೆಲಸ ಇಡೀ ಪ್ರಕರಣವನ್ನು ಉಳಿಸಿತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಟ್ರಾನೆಕ್ಸಾಮಿಕ್ ಆಮ್ಲ ಮತ್ತು ಹಾರ್ಮೋನಿನಿಂದ ರಕ್ತಸ್ರಾವ ಹತೋಟಿಗೆ ತಂದು, ಆಮ್ಲಜನಕ ಕೊಟ್ಟು, ಸಂಪೂರ್ಣ ವಿಶ್ರಾಂತಿಯಲ್ಲಿಟ್ಟು, ರಕ್ತನಾಳದ ಮೂಲಕ ಕಬ್ಬಿಣಾಂಶ ಆರಂಭಿಸಿದರು. ಪರೀಕ್ಷೆಗೆ ಪದೇಪದೇ ರಕ್ತ ತೆಗೆಯುವುದನ್ನೂ ಕಡಿಮೆ ಮಾಡಿದರು.

ಮನೆಯಲ್ಲೇ ಇದ್ದ ದಾನಿ

ಬಾಂಬೆ ಗುಂಪು ಬರಬೇಕಾದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಲಸ ಮಾಡದ ಎಚ್ ಜೀನ್ ಬರಬೇಕು. ರೋಗಿಯ ತಾಯಿ ತಮ್ಮ ಸೋದರಮಾವನ ಮಗನನ್ನೇ ಮದುವೆಯಾಗಿದ್ದವರು. ಸಂಬಂಧದೊಳಗಿನ ಮದುವೆಯಲ್ಲಿ ಒಂದೇ ಅಪರೂಪದ ಜೀನ್ ಎರಡು ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ತಂದೆತಾಯಿ ಇಬ್ಬರೂ ಆ ಜೀನಿನ ವಾಹಕರಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಬಾಂಬೆ ಗುಂಪು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗಂಡನೂ ನೆಂಟರಿಷ್ಟರೂ ಸಾಲಾಗಿ ನಿಂತು ರಕ್ತ ಕೊಡಲು ಸಿದ್ಧರಿದ್ದರು. ಅವರೆಲ್ಲರ ಒಳ್ಳೆಯ ಮನಸ್ಸಿಗೆ ಕೈಮುಗಿದು, ಮೊದಲು ಅಕ್ಕತಮ್ಮಂದಿರನ್ನು ಕರೆಸಿ ಎಂದು ಹೇಳಿದೆವು.

ಸಾಗರದಲ್ಲಿರುವ ಅಕ್ಕನ ಗುಂಪು ಬಿ, ಎಚ್ ಪಾಸಿಟಿವ್. ಒಬ್ಬ ತಮ್ಮ ಓ, ಅವನ ಕಣಗಳೂ ಲೆಕ್ಟಿನ್‌ನಲ್ಲಿ ಚೆನ್ನಾಗಿ ಗುಂಪುಗೂಡಿದವು. ಮೂರನೆಯವನು, ಊರಿನಲ್ಲೇ ತೋಟ ನೋಡಿಕೊಳ್ಳುವ ಕಿರಿಯ ತಮ್ಮ, ಮಳೆಗೆ ಬಿದ್ದ ಮರದಿಂದ ರಸ್ತೆ ಕಟ್ಟಿ ಮಧ್ಯಾಹ್ನ ತಡವಾಗಿ ಬಂದ. ಅವನ ಕಣಗಳು ಲೆಕ್ಟಿನ್‌ನಲ್ಲಿ ಗುಂಪುಗೂಡಲಿಲ್ಲ. ರೋಗಿಯ ಸೀರಂನೊಂದಿಗೆ ಕ್ರಾಸ್‌ಮ್ಯಾಚ್ ಹಾಕಿದಾಗ, ಮೂರು ಹಂತಗಳಲ್ಲಿಯೂ, ಎರಡು ದಿನಗಳಲ್ಲಿ ಮೊದಲ ಬಾರಿಗೆ ನಾವು ಒಂದು ಶಾಂತವಾದ ಕೊಳವೆಯನ್ನು ಕಂಡೆವು. ಜೊಲ್ಲಿನ ಪರೀಕ್ಷೆಯಲ್ಲಿ ಇಬ್ಬರಲ್ಲೂ ಎಚ್ ವಸ್ತು ಸಿಗಲಿಲ್ಲ, ಆದ್ದರಿಂದ ಕಣಗಳ ಮೇಲೆ ಕಾಣದಿದ್ದರೂ ಜೊಲ್ಲಿನಲ್ಲಿ ಎಚ್ ಇರುವ ಪ್ಯಾರಾ-ಬಾಂಬೆ ಎಂಬ ಸಂಶಯವೂ ಹೋಯಿತು.

ಆದರೆ ತಮ್ಮನ ರಕ್ತವನ್ನು ತೆಗೆದು ನೇರವಾಗಿ ಅಕ್ಕನಿಗೆ ಹಾಕುವಂತಿರಲಿಲ್ಲ. ಅವನ ಹಿಮೋಗ್ಲೋಬಿನ್ 12.5ಕ್ಕಿಂತ ಮೇಲಿತ್ತು, ಹಿಂದಿನ ದಾನವಾಗಿ ಐದು ತಿಂಗಳಾಗಿತ್ತು, ಗಂಡಸರಿಗೆ ಬೇಕಾದ 90 ದಿನಗಳ ಅಂತರ ಮುಗಿದಿತ್ತು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಪರೀಕ್ಷೆಗಳನ್ನು ತುರ್ತಿನ ನೆಪದಲ್ಲಿ ಬಿಡಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವನ್ನು ವೈದ್ಯಾಧಿಕಾರಿ ನೆನಪಿಸಿದರು: ರಕ್ತಸಂಬಂಧಿಯ ಚೀಲದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಬಿಡಬಹುದು, ಆಗ ಆ ಕಣಗಳೇ ನೆಲೆಯೂರಿ ರೋಗಿಯ ಅಂಗಾಂಶಗಳ ಮೇಲೆ ದಾಳಿ ಮಾಡುತ್ತವೆ. ಇದು ವಿರಳ, ಆದರೆ ಬಂದರೆ ಬದುಕುಳಿಯುವವರು ಬಹಳ ಕಡಿಮೆ. ಬಿಳಿ ಕಣ ಸೋಸುವ ಫಿಲ್ಟರ್ ಇದಕ್ಕೆ ಸಾಲದು. ಚೀಲಕ್ಕೆ 25 ಗ್ರೇ ವಿಕಿರಣ ಕೊಡಬೇಕು. ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರವಿರುವ ಆಸ್ಪತ್ರೆಯೊಂದು ಒಪ್ಪಿತು. ವಿಕಿರಣದ ನಂತರ ಕಣಗಳಿಂದ ಪೊಟ್ಯಾಸಿಯಂ ಹೆಚ್ಚು ಸೋರುವುದರಿಂದ ಅದೇ ದಿನ ಚೀಲವನ್ನು ರೋಗಿಗೆ ಕೊಡಲಾಯಿತು. ಮೊದಲ ಹದಿನೈದು ನಿಮಿಷ ಆ ಯುವ ತಂತ್ರಜ್ಞೆ, ಪಾಳಿ ಮುಗಿದಿದ್ದರೂ, ವಾರ್ಡಿನಲ್ಲಿಯೇ ನಿಂತಿದ್ದರು. ಜ್ವರ, ನಡುಕ, ಮೂತ್ರದ ಬಣ್ಣ ಬದಲಾಗುವುದು ಯಾವುದೂ ಆಗಲಿಲ್ಲ. ಹಿಮೋಗ್ಲೋಬಿನ್ 6.3ಕ್ಕೆ ಬಂತು.

ಬೆಂಗಳೂರಿನಲ್ಲಿ ನೋಂದಾಯಿತರಾಗಿದ್ದ ಬಾಂಬೆ ಗುಂಪಿನ ದಾನಿಯೊಬ್ಬರು ಅದೇ ರಾತ್ರಿ ಹೊರಡಲು ಸಿದ್ಧರಿದ್ದರು. ಸ್ವಲ್ಪ ಯೋಚಿಸಿ ಅವರನ್ನು ತಡೆದೆವು. ತೆಗೆದ ರಕ್ತಕ್ಕೆ 35 ಅಥವಾ 42 ದಿನಗಳ ಆಯಸ್ಸು. ದಾನಿಯ ಮೈಯಲ್ಲೇ ಇದ್ದರೆ ಅದು ಎಂದೂ ಹಳತಾಗುವುದಿಲ್ಲ, ಬೇರೊಬ್ಬರಿಗೆ ತುರ್ತಾದರೆ ಅವರಿಗೂ ಸಿಗುತ್ತದೆ. ಐದು ವಾರ ಕಬ್ಬಿಣಾಂಶದ ಚಿಕಿತ್ಸೆಯ ನಂತರ ರೋಗಿಯ ಹಿಮೋಗ್ಲೋಬಿನ್ 9.1 ತಲುಪಿತು, ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಯಿತು, ಆಗ ಅವರು ಎರಡು ದಿನ ಮುಂಚೆ ರಾತ್ರಿ ರೈಲಿನಲ್ಲಿ ಬಂದು ರಕ್ತ ಕೊಟ್ಟು ಹೋದರು. ಶಸ್ತ್ರಚಿಕಿತ್ಸೆಯಲ್ಲಿ ಆ ಚೀಲ ಬೇಕಾಯಿತು. ರೋಗಿ ಎಂಟನೆಯ ದಿನ ಮನೆಗೆ ಹೋದರು.

ಆಮೇಲೆ ತಿಳಿದ ಎರಡು ಸಂಗತಿಗಳು

ಒಂದು, ಮನೆಯೊಳಗಿನದು. ಈ ಮಹಿಳೆಯ ಗಂಡ ಓ, ಇವರೂ ಕಾರ್ಡಿನ ಪ್ರಕಾರ ಓ, ಆದರೆ ಹಿರಿಯ ಮಗಳ ಗುಂಪು ಬಿ; ಓ ತಂದೆತಾಯಿಗೆ ಸಾಮಾನ್ಯವಾಗಿ ಓ ಮಕ್ಕಳೇ ಆಗಬೇಕು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಅದು ಗೊತ್ತಾದಂದಿನಿಂದ ಮನೆಯಲ್ಲಿ ಯಾರೋ ಆಡಿದ ಒಂದು ಮಾತನ್ನು ಅವರು ವರ್ಷಗಟ್ಟಲೆ ನುಂಗಿಕೊಂಡಿದ್ದರು. ವೈದ್ಯಾಧಿಕಾರಿ ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಕಾಗದದ ಮೇಲೆ ಬರೆದು ತೋರಿಸಿದರು: ತಾಯಿಯಲ್ಲಿ ಬಿ ಜೀನ್ ಇದೆ, ಎಚ್ ಇಲ್ಲದ್ದರಿಂದ ಅದು ಹೊರಗೆ ಕಾಣುತ್ತಿಲ್ಲ, ಮಗಳಿಗೆ ಬಿ ತಾಯಿಯಿಂದಲೂ ಎಚ್ ತಂದೆಯಿಂದಲೂ ಬಂದಿದೆ. ಆಕೆ ಏನೂ ಮಾತಾಡದೆ ಆ ಕಾಗದವನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು. ರಕ್ತದ ಗುಂಪಿನಿಂದ ತಂದೆ ಯಾರೆಂದು ಯಾರಾದರೂ ನಿಮ್ಮ ಕೌಂಟರಿನಲ್ಲಿ ಕೇಳಿದಾಗ, ದಯವಿಟ್ಟು, ನಾಲಿಗೆ ಬಿಗಿಹಿಡಿಯಿರಿ.

ಇನ್ನೊಂದು, ನಮ್ಮದೇ ಮನೆಯೊಳಗಿನದು. ಕಿರಿಯ ತಮ್ಮ ಐದು ತಿಂಗಳ ಹಿಂದೆ ರಕ್ತ ಕೊಟ್ಟದ್ದು ಶಿಬಿರವೊಂದರಲ್ಲಿ, ‘ಓ ಪಾಸಿಟಿವ್’ ದಾನಿಯಾಗಿ. ಅದಕ್ಕೂ ಮುಂಚೆ ಸುಮಾರು ಎರಡು ವರ್ಷದ ಹಿಂದೆ ಇನ್ನೊಮ್ಮೆ. ದಾಖಲೆ ತೆರೆದೆವು. ಆಂಟಿ-ಎಯಲ್ಲಿ ಗುಂಪುಗೂಡಿಲ್ಲ, ಆಂಟಿ-ಬಿಯಲ್ಲೂ ಇಲ್ಲ, ಎ ಕಣ 4+, ಬಿ ಕಣ 4+. ಪುಟದಲ್ಲಿ ಓ ಕಣಕ್ಕೆ ಅಂಕಣವೇ ಇರಲಿಲ್ಲ. ಅವನ ಕೆಂಪು ಕಣಗಳಲ್ಲಿ ಎ, ಬಿ, ಎಚ್ ಯಾವುದೂ ಇಲ್ಲದಿರುವುದರಿಂದ ಅವನ್ನು ಪಡೆದ ಓ ರೋಗಿಗಳಿಗೆ ಹಾನಿಯಾಗುವಂತಿರಲಿಲ್ಲ. ಆ ಎರಡೂ ಚೀಲಗಳ ಬಗ್ಗೆ ಯಾವ ದೂರೂ ಬಂದಿರಲಿಲ್ಲ. ಪ್ಲಾಸ್ಮಾದ ಮಾತೇ ಬೇರೆ. ಅದರಲ್ಲಿ ಆಂಟಿ-ಎಚ್ ಇದೆ, ಅದು ಓ ರೋಗಿಯ ಮೈಗೆ ಹೋದರೆ ಅವರದೇ ಕಣಗಳನ್ನು ಒಡೆಯಬಹುದು. ಮೊದಲ ದಾನದ ಪ್ಲಾಸ್ಮಾ ಯಾರಿಗೂ ಹೋಗದೆ ಅವಧಿ ಮುಗಿದು ವಿಲೇವಾರಿಯಾಗಿತ್ತು. ಎರಡನೆಯ ದಾನದ್ದು ಮೈನಸ್ 30 ಡಿಗ್ರಿಯ ಫ್ರೀಜರಿನಲ್ಲಿ, ಓ ಗುಂಪಿನ ಚೀಲಗಳ ನಡುವೆ, ಕರೆ ಬಂದರೆ ಹೊರಡಲು ಸಿದ್ಧವಾಗಿ ಕುಳಿತಿತ್ತು. ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟಾಗ ಕೋಣೆಯಲ್ಲಿದ್ದ ನಾಲ್ವರಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಆ ವಾರವೇ ದಾನಿ ಮತ್ತು ರೋಗಿ ಎರಡೂ ರಿಜಿಸ್ಟರುಗಳಲ್ಲಿ ಓ ಕಣದ ಅಂಕಣ ಸೇರಿತು. ಓ ಕಣಗಳ ದ್ರಾವಣವನ್ನು ಬೆಳಿಗ್ಗೆ ಮತ್ತು ರಾತ್ರಿ ಪಾಳಿಯ ಆರಂಭದಲ್ಲಿ ಎರಡು ಬಾರಿ ತಯಾರಿಸುತ್ತೇವೆ. ಆ ಕೊಳವೆಯ ಫಲಿತಾಂಶ ಬರೆಯದೆ ಗುಂಪಿನ ಹೆಸರು ಬರೆಯುವಂತಿಲ್ಲ, ಎಷ್ಟೇ ತುರ್ತಿರಲಿ. ಕಿರಿಯ ತಮ್ಮನ ಕಾರ್ಡನ್ನು ಬದಲಿಸಿ ಕೊಟ್ಟೆವು. ಶಿಬಿರಗಳಿಗೆ ಬರಬೇಡ, ಫೋನ್ ಬಂದಾಗ ಮಾತ್ರ ಬಾ ಎಂದು ಹೇಳಿದ್ದೇವೆ. ಅವನ ನಂಬರ್ ಈಗ ರಕ್ತನಿಧಿಯ ಗೋಡೆಯ ಮೇಲಲ್ಲ, ಬೀಗವಿರುವ ಕಪಾಟಿನ ಪುಸ್ತಕದಲ್ಲಿದೆ, ಮತ್ತು ಕಳೆದ ವರ್ಷ ಒಮ್ಮೆ ನಡುರಾತ್ರಿ ಅದಕ್ಕೆ ಕರೆ ಮಾಡಬೇಕಾಗಿ ಬಂದಾಗ ಅವನು ಎರಡನೆಯ ರಿಂಗಿಗೇ ಎತ್ತಿದ.